ಮೂಲೆಗೊಂದು ಹುಣಸೆಬೀಜ

“ಅಹ್ಮದ್ ಬಾವ ಮಾಸ್ಟ್ರು ಬೋರ್ಡಿನಲ್ಲಿ ಒಂದು ವೃತ್ತ ಎಳೆದರೆ ಅದರ ದುಂಡು ನೋಡಿ ಹುಣ್ಣಿಮೆ ಚಂದ್ರನಿಗೇ ನಾಚಿಕೆ. ಐವತ್ತನಾಲ್ಕನೇ ಇಸವಿಯಲ್ಲಿ ಮೂರು ದಿವಸ ಅವನು ಮಂಗಳೂರಿನ ಮೇಲೆ ಬರಲೇ ಇಲ್ಲ. ಉಳ್ಳಾಲದ ಕಡೆಯಿಂದ ಸುತ್ತು ಹಾಕಿ ಹೋದ. ನಾನು ಕಣ್ಣಾರೆ ನೋಡಿದ್ದೇನೆ.”

ಹೀಗೆ ಹೇಳುತ್ತ ಅಣ್ಣು ಶೆಟ್ಟಿ ಬೆಂಚಿನ ಒಂದು ತುದಿ ಹಿಡಿದು ಓಣಿಯಲ್ಲಿ ಹಿಂದೆ ಹಿಂದೆ ನಡೆಯುತ್ತಿದ್ದ. ಇನ್ನೊಂದು ತುದಿ ಎಡ್ವಿನನ ಕೈಯಲ್ಲಿತ್ತು. ಹಂಚಿನ ಕಾರ್ಖಾನೆಯ ಗುಮಾಸ್ತನಾದ ಎಡ್ವಿನ್ ಅಣ್ಣುವಿನ ಹೋಟೆಲಿನ ಹಳೇ ಗಿರಾಕಿ. ಚಾದ ಜೊತೆ ಅಣ್ಣುವಿನ ಮಾತನ್ನೂ ಕುಡಿದು ಅರಗಿಸಿಕೊಂಡವನು.

“ಬರದ ಚಂದ್ರನನ್ನು ಕಣ್ಣಾರೆ ಹೇಗೆ ನೋಡಿದಿರಿ ಶೆಟ್ರೇ?”

“ಅದೇ ಮತ್ತೆ. ಬರದ್ದನ್ನು ನೋಡ್ಲಿಕ್ಕೆ ಬೇರೆಯೇ ಕಣ್ಣು ಬೇಕು ಮಾರಾಯ. ಮೆಟ್ಟಲು ಉಂಟು, ನೋಡಿಕೊಂಡು ಬಾ.”

ಅರುವತ್ತಮೂರನೇ ಇಸವಿಯ ಮೇ ತಿಂಗಳು. ಆ ದಿನ ಫಳ್ನೀರಿನ ಹಂಚಿನ ಮಾಡಿನ ಮೇಲೆ ಹಪ್ಪಳ ಇಟ್ಟಿದ್ದರೆ ಎಣ್ಣೆಯಿಲ್ಲದೆ ಅರಳುತ್ತಿತ್ತು; ಬೊಂಡದ ನೀರು ಮರದಲ್ಲಿಯೇ ಕುದಿಯುತ್ತಿತ್ತು. ಅಂಥ ಬಿಸಿಲಿನಲ್ಲಿ ಅಹ್ಮದ್ ಬಾವ ಮಾಸ್ತರು ತಮ್ಮ ಮನೆಯ ಜಗಲಿಯಲ್ಲಿ ತಣ್ಣಗೆ ಮಲಗಿದ್ದರು. ಬೆಳಿಗ್ಗೆ ಅಣ್ಣುವಿನ ಹೋಟೆಲಿನ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ, ಪ್ರತಿ ಬೇಸಿಗೆ ರಜೆಯಲ್ಲಿ ಅವರು ನಡೆಸುತ್ತಿದ್ದ ಲೆಕ್ಕದ ಕ್ಯಾಂಪಿನಲ್ಲಿ, ಪಾಠದ ನಡುವೆ ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಸಂಜೆಯ ಅಸರಿನ ನಮಾಜು ಮುಗಿದ ಕೂಡಲೇ ಮಯ್ಯತ್ತು ಎತ್ತಿ ಮಣ್ಣಿಗೆ ಒಯ್ಯುವುದೆಂದು ತೀರ್ಮಾನವಾಗಿತ್ತು. ಬಂದವರು ಕುಳಿತುಕೊಳ್ಳಲು ಕ್ಯಾಂಪಿನ ಬೆಂಚುಗಳೇ ಆಗಲೆಂದು ಅಣ್ಣು ಹೊತ್ತು ತರುತ್ತಿದ್ದ.

“ಪಾಪ, ಮಕ್ಕಳು ಹೆದರಿಕೊಂಡಿರಬೇಕು,” ಎಂದ ಎಡ್ವಿನ್.

“ಅರುವತ್ತು ಮಕ್ಕಳು ಒಟ್ಟಿಗೆ ಅತ್ತದ್ದು ಕಂಕನಾಡಿಗೆ ಕೇಳಿದೆ.”

“ಬೆಳಿಗ್ಗೆ ಮೂವತ್ತು ಅಂದಿರಿ.”

“ಬೆಳಿಗ್ಗೆ ಮೂವತ್ತೇ. ಸುದ್ದಿ ಕೇಳಿ ಮತ್ತೆ ಮೂವತ್ತು ಬಂದರು.”

ಇಷ್ಟು ಹೇಳಿ ಅಣ್ಣು ಸುಮ್ಮನೆ ನಿಂತ. ಇಂಥ ಮಾತು ಆಡಿದ ಮೇಲೆ ಒಂದು ಗಳಿಗೆ ನಿಲ್ಲುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು. ಆ ಗಳಿಗೆಯಲ್ಲಿ ಮಾಸ್ತರ ಸ್ವರ ಬರಬೇಕು: “ಹತ್ತರಿಂದ ಭಾಗಿಸು ಅಣ್ಣು.” ಕೆಲವು ಮಾತಿಗೆ ಹತ್ತು, ಕೆಲವಕ್ಕೆ ನೂರು. ಯಾವುದಕ್ಕೆ ಎಷ್ಟೆಂದು ಮಾಸ್ತರಿಗೆ ಮಾತ್ರ ಗೊತ್ತಿತ್ತು. ಭಾಗಿಸಿ ಉಳಿದದ್ದನ್ನು ಅವರು ನಗುತ್ತ ನಂಬುತ್ತಿದ್ದರು. ಈಗ ಸ್ವರ ಬರಲಿಲ್ಲ. ಜಗಲಿಯ ಬಿಳಿ ಬಟ್ಟೆಯ ತುದಿ ಗಾಳಿಗೆ ಸ್ವಲ್ಪ ಅಲುಗಿತು, ಅಷ್ಟೇ.

“ಬೆಂಚು ಇಳಿಸುವುದಾ, ಇಲ್ಲ ಹೀಗೇ ಹೊತ್ತುಕೊಂಡು ನಿಲ್ಲುವುದಾ?” ಎಂದ ಎಡ್ವಿನ್.

ಅಷ್ಟರಲ್ಲಿ ಬೀಫಾತಿಮ್ಮ ಮನೆಯ ಬದಿಯಿಂದ ಇಣುಕಿದರು. ಅವರು ಮಾಸ್ತರ ಚಿಕ್ಕಮ್ಮ. ಆ ದಿನ ಒಳಗಿನ ಯಜಮಾನಿಕೆಯೆಲ್ಲ ಅವರದು. “ಶೆಟ್ರೇ, ಹಬೀಬಾ ಕರೀತಾಳೆ. ಹಿಂದಿನ ಬಾಗಿಲಿಗೆ ಬನ್ನಿ.”

ಅಡುಗೆಮನೆಯ ಬಾಗಿಲಿಗೆ ಹೂವಿನ ಬಟ್ಟೆಯ ಪರದೆ. ಈಚೆ ಅಣ್ಣು, ಆಚೆ ಮಾಸ್ತರ ಹೆಂಡತಿ ಹಬೀಬಾ. ಹನ್ನೊಂದು ಬೇಸಿಗೆ ಇಬ್ಬರ ಮಾತುಕತೆ ಈ ಪರದೆಯ ಮೂಲಕವೇ ನಡೆದಿತ್ತು. ಬೆಳಿಗ್ಗೆ ಕ್ಯಾಂಪಿನ ಮಕ್ಕಳಿಗೆಂದು ಬೆಲ್ಲ, ಕಾಯಿತುರಿ ಹಾಕಿದ ಅವಲಕ್ಕಿಯ ದೊಡ್ಡ ಪಾತ್ರೆ ಪರದೆಯ ಅಡಿಯಿಂದ ಹೊರಗೆ ಬರುತ್ತಿತ್ತು. ಮಧ್ಯಾಹ್ನ ಖಾಲಿ ಪಾತ್ರೆ ಒಳಗೆ ಹೋಗುತ್ತಿತ್ತು.

“ಶೆಟ್ರೇ, ಮಕ್ಕಳು ಯಾಕೆ ಬರಲಿಲ್ಲ?”

“ಬರ್ತಾರೆ ಹಬೀಬಕ್ಕ. ಸ್ನಾನ ಮಾಡಿ, ಒಳ್ಳೆಯ ಅಂಗಿ ಹಾಕಿ—”

“ಅಂಗಿ ಹೇಗಿದ್ದರೂ ಆದೀತು. ಅವರ ಹತ್ತಿರ ನನಗೆ ಒಂದು ಕೇಳ್ಲಿಕ್ಕುಂಟು. ನಿನ್ನೆಯೇ ಎದೆ ಹಿಡೀತದೆ ಅಂದಿದ್ದರು. ಇವತ್ತು ಹೋಗಬೇಡಿ, ಮಕ್ಕಳು ಒಂದು ದಿವಸ ಕಾದರೆ ಎಂತ ಆಗ್ತದೆ ಅಂತ ಜಗಳ ಮಾಡಿದೆ. ‘ಕಾಯುವವರು ಉಂಟಲ್ಲ’ ಅಂತ ಎದ್ದು ಹೋದರು. ಬರ್ತೇನೆ ಅಂದದ್ದಕ್ಕೆ ಹೂಂ ಅನ್ನಲಿಲ್ಲ ನಾನು. ಕೊನೆಗೆ ಅವರ ಬಾಯಲ್ಲಿ ಎಂತ ಬಂತು ಅಂತ ನನಗೆ ಗೊತ್ತಾಗಬೇಕು.”

“ನಾನಿದ್ದೆನಲ್ಲ, ನಾನು ಹೇಳ್ತೇನೆ. ಮಾಸ್ಟ್ರು ಎರಡೂ ಕೈ ಮೇಲೆತ್ತಿ, ಮುಖ ಪೆಟ್ರೋಮ್ಯಾಕ್ಸಿನ ಹಾಗೆ ಬೆಳಗಿ—”

“ಬೇಡ ಶೆಟ್ರೇ. ನೀವು ಒಳ್ಳೆಯವರು. ಆದರೆ ನಿಮ್ಮ ಮಾತನ್ನು ಭಾಗಿಸಬೇಕು. ಎಷ್ಟರಿಂದ ಅಂತ ನನಗೆ ಗೊತ್ತಿಲ್ಲ. ಗೊತ್ತಿದ್ದವರು ಹೋದರು. ನೀವು ಮಕ್ಕಳನ್ನು ಕರಕೊಂಡು ಬನ್ನಿ.”

ಬೀಫಾತಿಮ್ಮ ನಡುವೆ ಬಾಯಿ ಹಾಕಿದರು. “ಬೇಗ ಆಗಬೇಕು. ಮಯ್ಯತ್ತು ಎದ್ದಿತೋ ಇವಳು ಇದ್ದತ್ತಿನ ಶೋಕಕ್ಕೆ ಒಳಕೋಣೆಯಲ್ಲಿ ಕೂತಳು. ಮತ್ತೆ ನಾಲ್ಕು ತಿಂಗಳು ಪರಗಂಡಸರ ಹತ್ತಿರ ಪರದೆಯ ಮಾತೂ ಇಲ್ಲ.”

“ಈಗ ಕರಕೊಂಡು ಬಂದೆ ಅಂತ ಇಟ್ಟುಕೊಳ್ಳಿ,” ಎಂದ ಅಣ್ಣು. ಅವನ ನಾಲಿಗೆಗೆ ಅದೊಂದು ಕೆಟ್ಟ ಚಾಳಿ. ತಲೆ ಯೋಚಿಸುವ ಮೊದಲೇ ಮಾತು ಕೊಟ್ಟುಬಿಡುತ್ತಿತ್ತು.

ಎಲ್ಲಿಂದ ತರುವುದು? ಬೆಳಿಗ್ಗೆ ಆ ಕೊಟ್ಟಿಗೆಯಲ್ಲಿ ಮಕ್ಕಳೇ ಇರಲಿಲ್ಲ. ಕಳೆದ ಬೇಸಿಗೆಯಲ್ಲಿಯೂ ಇರಲಿಲ್ಲ.

*

ಐವತ್ತಮೂರರ ಮಾರ್ಚಿಯಲ್ಲಿ ಮಾಸ್ತರು ಅಣ್ಣುವಿನ ಹೋಟೆಲಿನ ಮೂಲೆ ಮೇಜಿನಲ್ಲಿ ಚೆಲ್ಲಿದ ಚಾದಲ್ಲಿ ಬೆರಳದ್ದಿ ಚೌಕಗಳನ್ನು ಬಿಡಿಸುತ್ತಿದ್ದರು. ಅಣ್ಣು ಒರೆಸುವ ಬಟ್ಟೆ ಹಿಡಿದು ಬಂದು ನಿಂತ.

“ಚಾ ಒಳ್ಳೇದುಂಟಲ್ಲ ಮಾಸ್ಟ್ರೇ?”

“ಹೇಗೆ ಗೊತ್ತು?”

“ಎಂತ ಹೇಗೆ ಗೊತ್ತು? ಇಡೀ ಮಂಗಳೂರು ಹೇಳ್ತದೆ.”

“ಇಡೀ ಮಂಗಳೂರು ಇಲ್ಲಿ ಕುಡೀಲಿಲ್ಲವಲ್ಲ ಅಣ್ಣು.”

ಅವರು ಯಾರಿಗೂ ಹೀಗೆಯೇ. ಬಂದರಿನಲ್ಲಿ ಮೆಣಸು, ಒಣಮೀನು ಮಾರುವ ದೊಡ್ಡ ವ್ಯಾಪಾರದ ಮನೆತನ. ತಂದೆ ಅಂಗಡಿಯ ಗಲ್ಲೆಯಲ್ಲಿ ಕೂರಿಸಿದರೆ, ಗಿರಾಕಿ ಹೇಳಿದ್ದಕ್ಕೆಲ್ಲ ಹೇಗೆ ಗೊತ್ತು ಎಂದು ಕೇಳಿ ಮೂರೇ ವಾರದಲ್ಲಿ ಗಿರಾಕಿಗಳನ್ನು ಪಕ್ಕದ ಅಂಗಡಿಗೆ ಕಳಿಸಿದರಂತೆ. ಕೊನೆಗೆ ಶಾಲೆಯಲ್ಲಿ ಮಾಸ್ತರಾದರು. ಶಾಲೆಯಲ್ಲಿ ಪಾಠ ಮುಗಿಸುವ ಅವಸರ. ರಜೆಯಲ್ಲಾದರೂ ಆರು, ಏಳು, ಎಂಟನೇ ಕ್ಲಾಸಿನ ಮಕ್ಕಳಿಗೆ ಅವಸರವಿಲ್ಲದೆ ಲೆಕ್ಕದ ರುಚಿ ತೋರಿಸಬೇಕೆಂದು ಅವರ ಆಸೆ. ಜಾಗ ಇರಲಿಲ್ಲ.

ಅಣ್ಣು ಅಲ್ಲೇ ಸೌದೆ ಕೊಟ್ಟಿಗೆಯನ್ನು ದಾನ ಮಾಡಿದ. ಕ್ಯಾಂಪು ಎಂಬ ಹೆಸರೂ ಅವನದೇ. “ಸ್ಕೌಟಿನವರು ಮಾಡಿದರೆ ಕ್ಯಾಂಪು, ಮಿಲಿಟರಿಯವರು ಮಾಡಿದರೆ ಕ್ಯಾಂಪು. ನಮ್ಮದು ಮಾತ್ರ ಎಂತಕ್ಕೆ ಪಾಠ?” ಕಾವೂರಿನಿಂದ ದೇರೆಬೈಲಿನವರೆಗೆ ಬಸ್ಸಿನವರ ಬಾಯಲ್ಲಿ, ಮೀನಿನವರ ಬಾಯಲ್ಲಿ ಸುದ್ದಿ ಹರಡಿದ. ಅಹ್ಮದ್ ಬಾವ ಮಾಸ್ಟ್ರ ಕೈಗೆ ಸಿಕ್ಕಿದ ಮಕ್ಕಳು ಪಬ್ಲಿಕ್ ಪರೀಕ್ಷೆಯಲ್ಲಿ ಜಿಲ್ಲೆಗೇ ಫಸ್ಟು. ಒಬ್ಬ ಅಲ್ಲ, ಎಲ್ಲರೂ ಫಸ್ಟು.

ಮಕ್ಕಳು ಬಂದರು. ಮಾಸ್ತರು ಮಗ್ಗಿ ಹೇಳಿಸಲಿಲ್ಲ, ಸೂತ್ರ ಬರೆಸಲಿಲ್ಲ. ಹಬೀಬಾಳ ಅಡುಗೆಮನೆಯ ಹುಣಸೆಬೀಜಗಳನ್ನು ನೆಲದ ಮೇಲೆ ಸುರಿದು ಹೇಳಿದರು: ಒಂದು ಬೀಜ ಇಡಿ. ಅದರ ಸುತ್ತ ಮೂರು ಇಟ್ಟರೆ ಚೌಕ ಆಗ್ತದಾ ನೋಡಿ. ಇನ್ನು ಐದು. ಇನ್ನು ಏಳು. ಯಾವಾಗಲೂ ಚೌಕವೇ ಆಗ್ತದಾ? ಆಗ್ತದೆ ಎಂದು ಮಕ್ಕಳು ಕೂಗಿದರೆ ಅವರದು ಒಂದೇ ಪ್ರಶ್ನೆ, ಹೇಗೆ ಗೊತ್ತು? ಒಂದು ವಾರವಿಡೀ ಅದೊಂದೇ ಲೆಕ್ಕ. ಉತ್ತರ ಮಾತ್ರ ಹೇಳಲೇ ಇಲ್ಲ. ಊಟಕ್ಕೆ ಹೋಗಲಿಕ್ಕೂ ಮನಸ್ಸಿಲ್ಲದೆ ಮಕ್ಕಳು ನೆಲಕ್ಕೆ ಮೂಗು ತಾಗಿಸಿಕೊಂಡು ಮಲಗಿರುತ್ತಿದ್ದರು. ಅವರಲ್ಲೊಬ್ಬಳು ಶಶಿಪ್ರಭಾ, ಕಾರಣ ಸಿಕ್ಕಿದ ದಿನ ಹೋಟೆಲಿನ ನಡುವೆ ಕಿರುಚುತ್ತ ಓಡಿ ಗಿರಾಕಿಯೊಬ್ಬನ ಸಾಂಬಾರು ಚೆಲ್ಲಿದ್ದಳು. ಅದಕ್ಕೆ ಅಣ್ಣು ಯಾವ ಉತ್ಪ್ರೇಕ್ಷೆಯನ್ನೂ ಸೇರಿಸಿರಲಿಲ್ಲ. ಸೇರಿಸುವ ಅಗತ್ಯ ಕಂಡಿರಲಿಲ್ಲ.

ಆದರೆ ಜಿಲ್ಲೆಗೆ ಯಾರೂ ಫಸ್ಟ್ ಬರಲಿಲ್ಲ. ಫಳ್ನೀರಿನಲ್ಲೇ ಒಂದು ಟ್ಯೂಶನ್ ತೆರೆಯಿತು. ಅಲ್ಲಿ ಪರೀಕ್ಷೆಗೆ ಬರುವುದನ್ನೇ ಬಾಯಿಪಾಠ ಮಾಡಿಸುತ್ತಿದ್ದರು. ಒಂದೊಂದೇ ಬೆಂಚು ಖಾಲಿಯಾಯಿತು. ಅರುವತ್ತೆರಡರ ಬೇಸಿಗೆಯ ಮೊದಲ ದಿನ ಮಾಸ್ತರು ಖಾಲಿ ಕೊಟ್ಟಿಗೆಯಲ್ಲಿ ಬೋರ್ಡಿನ ಮೇಲೆ ತಾರೀಕು ಬರೆದು, ಗೋಡೆಯ ಕಡೆ ತಿರುಗಿಯೇ ನಿಂತಿದ್ದರು. ಚಾ ತಂದ ಅಣ್ಣುವಿಗೆ ಅದನ್ನು ನೋಡಲಾಗಲಿಲ್ಲ. ಲೋಟ ಕೆಳಗಿಟ್ಟು ಮೊದಲ ಬೆಂಚಿನಲ್ಲಿ ಕುಳಿತ. ಐವತ್ತು ದಾಟಿದ, ನಾಲ್ಕನೇ ಕ್ಲಾಸಿನಲ್ಲಿ ಎರಡು ಸಲ ಫೇಲಾದ, ಹಲಸಿನಹಣ್ಣಿನಂಥ ಹೊಟ್ಟೆಯ ವಿದ್ಯಾರ್ಥಿ. ಬೆಂಚು ಕಿರುಗುಟ್ಟಿತು. ಮಾಸ್ತರು ತಿರುಗಿ ನೋಡಿದರು.

“ಒಂದು ಬೀಜ ಇಡು,” ಎಂದರು.

ಅವತ್ತು ಮಧ್ಯಾಹ್ನ ಪಾತ್ರೆ ಮರಳಿಸುವಾಗ ಹಬೀಬಾ ಕೇಳಿದಳು, ಎಷ್ಟು ಮಕ್ಕಳು ಬಂದರು? ಅಣ್ಣುವಿನ ನಾಲಿಗೆ ಮೂವತ್ತು ಎಂದಿತು. ಮನೆಯಲ್ಲಿ ಅವಳು ಗಂಡನನ್ನು ಕೇಳಿದರೆ, ಜೀವಮಾನದಲ್ಲಿ ಸುಳ್ಳಾಡದ ಮಾಸ್ತರು, “ಶೆಟ್ರನ್ನು ಕೇಳು” ಎಂದು ಟೊಪ್ಪಿ ತೆಗೆದು ಗೂಟಕ್ಕೆ ಹಾಕುತ್ತಿದ್ದರು. ಎರಡು ಬೇಸಿಗೆ ಹಾಗೆಯೇ ಹೋಯಿತು.

*

ಅಂಗಳದಲ್ಲಿ ಕೊಡೆ ಅಂಗಡಿಯ ಉಸ್ಮಾನ್ ಬೆಂಚಿನ ಮೇಲೆ ಕುಳಿತಿದ್ದ. ಅವನ ಮಗ ಹಾಶಿಂ ಮೂರು ವರ್ಷದ ಹಿಂದೆ ಕ್ಯಾಂಪಿಗೆ ಬಂದವನು. ಅಣ್ಣು ಅವನ ಪಕ್ಕದಲ್ಲಿ ಕುಳಿತು ಕಿವಿಯ ಹತ್ತಿರ ಹೇಳಿದ, “ಹಾಶಿಮನನ್ನು ಒಮ್ಮೆ ಕರಸಿ. ಎರಡು ನಿಮಿಷದ ಕೆಲಸ.”

“ಅವನು ಟ್ಯೂಶನ್ನಿನಲ್ಲಿದ್ದಾನೆ.”

“ಇಂಥ ದಿವಸವೂ?”

“ಶೆಟ್ರೇ, ಮಾಸ್ಟ್ರ ಮೇಲೆ ನನಗೆ ಕೋಪ ಇಲ್ಲ. ಅವರು ಫಸ್ಟ್ ಮಾಡ್ತೇನೆ ಅಂತ ಒಂದು ದಿವಸವೂ ಹೇಳಲಿಲ್ಲ. ಹೇಳಿದ್ದು ನೀವು. ನಾನು ನಂಬಿ ಇಡೀ ಬಂದರಿಗೆ ಹೇಳಿಕೊಂಡು ಬಂದೆ. ಅವನು ಪಾಸಾದ, ಅಷ್ಟೇ. ಪಾಸಾದ ಹುಡುಗ ಮನೆಯಲ್ಲಿ ಫೇಲಾದವನ ಹಾಗೆ ಅತ್ತ.”

“ನಾನು ಕ್ಯಾಂಪು ತುಂಬಲಿ ಅಂತ...”

“ತುಂಬಿಸಿದ್ದೂ ನೀವೇ, ಖಾಲಿ ಮಾಡಿದ್ದೂ ನೀವೇ,” ಎಂದ ಉಸ್ಮಾನ್. ಬೈದಂತೆ ಹೇಳಲಿಲ್ಲ. ಕೊಡೆಯ ಕಡ್ಡಿ ಎಲ್ಲಿ ಮುರಿದಿದೆ ಎಂದು ಗಿರಾಕಿಗೆ ತೋರಿಸುವಂತೆ ಹೇಳಿದ.

ಅಣ್ಣು ಎದ್ದು ಓಣಿಗೆ ಇಳಿದ. ಆಚೆಯ ಖಾಲಿ ಹಿತ್ತಿಲಿನಲ್ಲಿ ಲಗೋರಿ ಆಡುತ್ತಿದ್ದ ಮಕ್ಕಳು ಕಂಡರು. ಕೈಗೆ ಸಿಕ್ಕಿದ ಏಳೆಂಟು ಮಂದಿಯನ್ನು ಸಾಲಾಗಿ ನಿಲ್ಲಿಸಿದ.

“ನೀವು ಲೆಕ್ಕದ ಕ್ಯಾಂಪಿನವರು. ಆಯ್ತಾ? ಮಾಸ್ಟ್ರು ಕೊನೆಗೆ ಎಂತ ಹೇಳಿದರು ಅಂತ ಯಾರಾದರೂ ಕೇಳಿದರೆ, ‘ನಮಗೆಲ್ಲ ಒಳ್ಳೇದಾಗಲಿ ಅಂದರು’ ಅಂತ ಹೇಳಬೇಕು. ಮತ್ತೆ ಹೋಟೆಲಿಗೆ ಬನ್ನಿ, ತಲೆಗೆರಡು ಗೋಳಿಬಜೆ.”

“ಯಾವ ಮಾಸ್ಟ್ರು?” ಎಂದಳು ಉದ್ದ ಜಡೆಯ ಒಬ್ಬಳು. ಹೆಸರು ಆಶಾಲತಾ.

“ನಿನ್ನ ಮಾಸ್ಟ್ರು.”

“ನನ್ನ ಮಾಸ್ಟ್ರು ಸಾಯಲಿಲ್ಲ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಇದ್ದರು.”

“ನಿನಗೆ ಮೂರು ಗೋಳಿಬಜೆ. ಬಾಯಿ ಮುಚ್ಚು.”

ಅಸರಿನ ನಮಾಜು ಮುಗಿಯುವ ಹೊತ್ತಿಗೆ ಮಕ್ಕಳು ಹಿಂದಿನ ಬಾಗಿಲಿನಲ್ಲಿ, ಕೆಂಪು ಧೂಳಿನ ಕಾಲುಗಳನ್ನು ಒಂದಕ್ಕೊಂದು ಉಜ್ಜಿಕೊಳ್ಳುತ್ತ ನಿಂತಿದ್ದರು. ಪರದೆಯ ಸೀಳಿನಲ್ಲಿ ಬಿಳಿ ಸೆರಗು ಕಂಡಿತು.

“ಬಂದಿರಾ ಮಕ್ಕಳೇ. ಅವಲಕ್ಕಿ ಸಾಕಾಗ್ತಿತ್ತಾ ನಿಮಗೆ?”

ಮಕ್ಕಳು ಅಣ್ಣುವಿನ ಮುಖ ನೋಡಿದರು. ಅಣ್ಣು ಮಾಡಿನ ಹಂಚು ನೋಡಿದ.

“ಹೋಗಲಿ. ಮಾಸ್ಟ್ರು ದಿನಾ ನಿಮ್ಮ ಹತ್ತಿರ ಒಂದು ಮಾತು ಕೇಳ್ತಿದ್ದರಲ್ಲ, ಎಂತ ಅದು?”

“ಮಗ್ಗಿ,” ಎಂದ ಒಬ್ಬ.

“ಫೀಸು,” ಎಂದ ಇನ್ನೊಬ್ಬ.

“ನಮಗೆಲ್ಲ ಒಳ್ಳೇದಾಗಲಿ ಅಂದರು,” ಎಂದಳು ಆಶಾಲತಾ, ಕೇಳದ ಪ್ರಶ್ನೆಗೆ, ಅಚ್ಚುಕಟ್ಟಾಗಿ.

“ಚಿಕ್ಕಮ್ಮ, ಮಕ್ಕಳಿಗೆ ನೀರು ಬೆಲ್ಲ ಕೊಟ್ಟು ಕಳಿಸಿ. ಬಿಸಿಲಿನಲ್ಲಿ ಬಂದಿದ್ದಾರೆ,” ಎಂದಳು ಹಬೀಬಾ. “ಶೆಟ್ರೇ, ನೀವು ನಿಲ್ಲಿ.”

ಅಣ್ಣು ನಿಂತ. ಮಕ್ಕಳು ಬೆಲ್ಲ ಚೀಪುತ್ತ ಹೋದರು. ಮುಂದಿನ ಅಂಗಳದಲ್ಲಿ ಜನ ಏಳುವ ಸದ್ದು ಕೇಳಿಸಿತು.

“ಮೂವತ್ತು ಮಕ್ಕಳು ಅಂದಿರಿ.”

“ಅಂದೆ.”

“ಎಷ್ಟರಿಂದ ಭಾಗಿಸಲಿ?”

ಅಣ್ಣುವಿನ ನಾಲಿಗೆಯಲ್ಲಿ ನೂರು ಮಾತು ತಯಾರಿದ್ದವು. ಕಾಲರಾ ಬಂದಿದೆ, ಬಸ್ಸು ಕೆಟ್ಟಿದೆ, ಮಕ್ಕಳೆಲ್ಲ ದುಃಖದಿಂದ ಜ್ವರ ಬಂದು ಮಲಗಿದ್ದಾರೆ. ಅವನು ಅಭ್ಯಾಸದಂತೆ ಒಂದು ಗಳಿಗೆ ಕಾದ. ಭಾಗಿಸುವವರು ಯಾರೂ ಇರಲಿಲ್ಲ. ತಾನೇ ಭಾಗಿಸಬೇಕಾಯಿತು.

“ಮೂವತ್ತರಿಂದ.”

“ಆಗ ಒಬ್ಬ ಉಳೀತಾನೆ,” ಎಂದಳು ಹಬೀಬಾ ನಿಧಾನವಾಗಿ. “ಅವನು ಯಾರು?”

“ನಾನು.”

ಬೀಫಾತಿಮ್ಮ ಹಣೆಗೆ ಕೈ ಹಚ್ಚಿದರು. “ಆ ಅವಲಕ್ಕಿ?”

“ಸ್ವಲ್ಪ ನಾನು, ಉಳಿದದ್ದು ಗಾಡಿಯವರಿಗೆ. ಹಬೀಬಕ್ಕ, ಬೆಳಿಗ್ಗೆ ಕಾಯುವವರು ಉಂಟು ಅಂತ ಅವರು ಹೇಳಿದ್ದು ನನ್ನನ್ನು. ಮಕ್ಕಳಿಲ್ಲ ಅಂತ ನಾನು ಮೊದಲೇ ಹೇಳಿದ್ದರೆ ನೀವು ಅವರನ್ನು ಮನೆಯಲ್ಲೇ ನಿಲ್ಲಿಸ್ತಿದ್ದಿರಿ. ಇದನ್ನು ಯಾವುದರಿಂದಲೂ ಭಾಗಿಸ್ಲಿಕ್ಕಿಲ್ಲ.”

ಹಬೀಬಾಳ ಸ್ವರ ಬಂತು, ಮೊದಲಿಗಿಂತ ಕೆಳಗಿನಿಂದ. ಅವಳು ನೆಲದ ಮೇಲೆ ಕುಳಿತಂತಿತ್ತು.

“ನಿಲ್ಲಿಸಿದರೆ ನಿಲ್ಲುವ ಜನವಾ ಅದು. ಹೇಳಿ. ಎಂತ ಹೇಳಿದರು?”

“ದೊಡ್ಡ ಮಾತು ಎಂತದೂ ಇಲ್ಲ. ಬೀಜ ಇಟ್ಟುಕೊಂಡಿದ್ದೆ. ಎರಡು ಬೇಸಿಗೆಯಿಂದ ಅದೊಂದೇ ಲೆಕ್ಕ ನನಗೆ, ತಲೆ ಅಷ್ಟೇ ಇರುವುದು. ಇವತ್ತು ಒಮ್ಮೆಲೇ ಕಂಡಿತು. ‘ಮಾಸ್ಟ್ರೇ, ಇದು ಯಾವಾಗಲೂ ಚೌಕವೇ ಆಗ್ತದೆ’ ಅಂದೆ. ಅವರು ಗೋಡೆಗೆ ಒರಗಿದ್ದರು. ಕಣ್ಣು ಮುಚ್ಚಿಕೊಂಡೇ ‘ಹೇಗೆ ಗೊತ್ತು?’ ಅಂತ ಕೇಳಿದರು. ತೋರಿಸುವ ಅಂತ ನಾನು ನೆಲಕ್ಕೆ ಬಗ್ಗಿದೆ. ಎಲ್ಲ ಇಟ್ಟು ತಲೆ ಎತ್ತುವಾಗ...” ಅಣ್ಣು ಬೈರಾಸಿನಿಂದ ಮುಖ ಒರೆಸಿಕೊಂಡ. “ನೋಡಲಿಲ್ಲ ಅವರು. ಅಷ್ಟೇ. ಮುಖ ಬೆಳಗಲೂ ಇಲ್ಲ, ಎಂತದೂ ಇಲ್ಲ.”

“ಹೇಗೆ ಗೊತ್ತು,” ಎಂದಳು ಹಬೀಬಾ. ಅವನನ್ನು ಕೇಳಿದ್ದಲ್ಲ. ಅನ್ನ ಬೆಂದಿದೆ ಎಂದರೆ, ಮಳೆ ಬರುತ್ತದೆ ಎಂದರೆ, ಮೂವತ್ತು ವರ್ಷ ಆ ಮನೆಯಲ್ಲಿ ಕೇಳಿಸಿಕೊಂಡು ಬಂದ ಮಾತನ್ನು ಒಮ್ಮೆ ಬಾಯಲ್ಲಿಟ್ಟು ನೋಡಿದಂತಿತ್ತು. ಆಮೇಲೆ ಹೇಳಿದಳು, “ತೋರಿಸಿ.”

“ಈಗಲಾ?”

“ಇನ್ನು ಯಾವಾಗ?”

ಅಣ್ಣು ಹೊಸ್ತಿಲಿನ ಮುಂದೆ, ಹೊಟ್ಟೆ ಒತ್ತಿ ಉಸಿರು ಕಟ್ಟಿದರೂ, ಮೊಣಕಾಲೂರಿ ಕುಳಿತ. ಅಂಗಿಯ ಜೇಬಿನಿಂದ ಹುಣಸೆಬೀಜಗಳನ್ನು ತೆಗೆದ. ನೆಲದ ಮೇಲೆ ಒಂದು ಇಟ್ಟ. ಅದರ ಎರಡು ಬದಿಗೆ ಒಂದೊಂದು, ಮೂಲೆಗೆ ಒಂದು. ಮತ್ತೆ ಎರಡು ಬದಿಗೆ ಎರಡೆರಡು, ಮೂಲೆಗೆ ಒಂದು.

“ಪ್ರತಿ ಸಲವೂ ಎರಡು ಬದಿಗೆ ಸಮ ಸಮ. ಮೂಲೆ ಮಾತ್ರ ಖಾಲಿ ಉಳೀತದೆ. ಅದಕ್ಕೇ ಇನ್ನೊಂದು ಬೇಕಾಗುವುದು. ಅದು ಸಿಕ್ಕಿದರೆ ಚೌಕ. ಎಷ್ಟು ದೊಡ್ಡದು ಮಾಡಿದರೂ ಹೀಗೆಯೇ.” ಅವನ ಸ್ವರದಲ್ಲಿ ಅಲಂಕಾರವಿರಲಿಲ್ಲ. ಬೀಫಾತಿಮ್ಮ ಗೊಣಗುವುದನ್ನು ಬಿಟ್ಟು ಬಗ್ಗಿ ನೋಡುತ್ತಿದ್ದರು.

ಮುಂದಿನ ಅಂಗಳದಲ್ಲಿ ಮಂಚಕ್ಕೆ ಹೆಗಲು ಕೊಡುವವರು ಒಬ್ಬರನ್ನೊಬ್ಬರು ಕರೆದರು. ಎಡ್ವಿನ್ ಮನೆಯ ಬದಿಯಿಂದ ಬಂದು, “ಶೆಟ್ರೇ, ಎತ್ತುತ್ತಾರೆ, ಬನ್ನಿ” ಎನ್ನಲು ಬಾಯಿ ತೆರೆದವನು ಹಾಗೆಯೇ ನಿಂತ.

ಅಣ್ಣು ಒಂದು ಬದಿ ತುಂಬಿದ. ಇನ್ನೊಂದು ಬದಿಯನ್ನೂ ತುಂಬಿದ. ಜೇಬಿಗೆ ಕೈ ಹಾಕಿದರೆ ಬೀಜ ಮುಗಿದಿತ್ತು. ಇನ್ನೊಂದು ಜೇಬನ್ನೂ ತಡವಿದ. ಮೂಲೆ ಖಾಲಿಯಿತ್ತು.

ಪರದೆಯ ಅಡಿಯಿಂದ, ಹನ್ನೊಂದು ಬೇಸಿಗೆ ಅವಲಕ್ಕಿಯ ಪಾತ್ರೆ ಹೊರಬರುತ್ತಿದ್ದ ಜಾಗದಿಂದ, ಬಳೆ ತೆಗೆದ ಒಂದು ಕೈ ಹೊರಗೆ ಬಂತು. ಬೆರಳ ತುದಿಯಲ್ಲಿ ಅಡುಗೆಮನೆಯ ಒಂದು ಹುಣಸೆಬೀಜವಿತ್ತು. ನೆಲವನ್ನು ತಡವಿ ನೋಡಿ, ಅದನ್ನು ಮೂಲೆಯಲ್ಲಿ ಇಟ್ಟಿತು.